ವೇದಿಕೆಯ ಪಕ್ಕದಲ್ಲೇ ನಿಂತಿದ್ದೆ

ನನ್ನ ದನಿ ದಪ್ಪ. ಆರ್ಕೆಸ್ಟ್ರಾದವರು ಅದನ್ನು ಗಂಡುಗಂಟಲು ಅನ್ನುತ್ತಿದ್ದರು. ತೊಂಬತ್ತರ ದಶಕದಲ್ಲಿ ಗಣೇಶನ ಹಬ್ಬ ಬಂತೆಂದರೆ ಬನಶಂಕರಿಯಿಂದ ಜೆ.ಪಿ. ನಗರದವರೆಗೆ ಬೀದಿಗೊಂದು ಶಾಮಿಯಾನ, ಶಾಮಿಯಾನಕ್ಕೊಂದು ಆರ್ಕೆಸ್ಟ್ರಾ. ಅದು ಮುಗಿದು ಉಸಿರು ಬಿಡುವಷ್ಟರಲ್ಲಿ ರಾಜ್ಯೋತ್ಸವ. ಸಿನಿಮಾ ಹಾಡಿಗೆ ಬೇಕಾಗಿದ್ದದ್ದು ಎಳೆ ದಾರದಂಥ ಸಣ್ಣ ದನಿ. ಅಂಥ ದನಿಯವಳು ನಮ್ಮ ಆರ್ಕೆಸ್ಟ್ರಾದಲ್ಲಿ ಬೇರೊಬ್ಬಳಿದ್ದಳು. ಅವಳು ನೀರು ಕುಡಿಯಲು ಹೋದಾಗ ನನಗೆ ಒಂದು ಹಾಡು ಸಿಗುತ್ತಿತ್ತು. ಉಳಿದಂತೆ ನಾನು ಕೋರಸ್.

ಹಗಲು ಜಯನಗರ ನಾಲ್ಕನೇ ಬ್ಲಾಕಿನ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ. ಮನೆ ಸಿದ್ದಾಪುರದಲ್ಲಿ. ಅಪ್ಪ ಅಲ್ಲೇ ಒಂದು ನರ್ಸರಿಯಲ್ಲಿ ಗಿಡ ನೋಡಿಕೊಳ್ಳುತ್ತಿದ್ದರು. ಅಮ್ಮ ಮನೆಯಲ್ಲೇ ಕೂತು ಊದುಬತ್ತಿ ಹೊಸೆಯುತ್ತಿದ್ದಳು. ಭಾನುವಾರ ಬೆಳಿಗ್ಗೆ ನಮ್ಮ ಕಡೆಯವರೆಲ್ಲ ಒಂದು ಸಣ್ಣ ಹಾಲ್‌ನಲ್ಲಿ ಸೇರಿ ಬುದ್ಧವಂದನೆ ಮಾಡುತ್ತಿದ್ದೆವು. ಅಲ್ಲಿ ಮೊದಲು ದನಿ ಎತ್ತುತ್ತಿದ್ದವಳು ಅಮ್ಮ. ಅವಳದ್ದೂ ದಪ್ಪ ದನಿಯೇ. ಆದರೆ ಅಲ್ಲಿ ಯಾರೂ ಅದಕ್ಕೆ ಹೆಸರಿಟ್ಟಿರಲಿಲ್ಲ.

ಒಂದು ರಾಜ್ಯೋತ್ಸವದ ಸಂಜೆ, ಜೆ.ಪಿ. ನಗರದಲ್ಲಿ ನಾನು ನನ್ನ ಒಂದೇ ಹಾಡು ಮುಗಿಸಿ ಇಳಿದಾಗ ಒಬ್ಬ ಹುಡುಗ ಬಂದು ನಿಂತ. ಉದ್ದ ಕೂದಲು, ಬಿಳಿ ಬಿಳಿ ಮುಖ, ಒಳ್ಳೇ ಶೂ.

"ನಿಮ್ಮ ವಾಯ್ಸ್ ಸಖತ್ತಾಗಿದೆ. ಇಲ್ಲಿ ಯಾಕೆ ವೇಸ್ಟ್ ಮಾಡ್ಕೊತಿದ್ದೀರಾ?" ಅಂದ.

ಅವನು ಗಿಟಾರ್ ನುಡಿಸುತ್ತಿದ್ದ. ಜಯನಗರದಲ್ಲಿ ಸ್ವಂತ ಮನೆ. ಅವನೂ ಅವನ ಸ್ನೇಹಿತರೂ ಸೇರಿ ಬ್ಲೂಸ್ ನುಡಿಸುವ ಒಂದು ಬ್ಯಾಂಡ್ ಕಟ್ಟಿಕೊಂಡಿದ್ದರು. ಹಾಡುವವರು ಸಿಕ್ಕಿರಲಿಲ್ಲ. ಬ್ಲೂಸ್ ಅಂದರೇನು ಅಂತ ನಾನು ಕೇಳಿದ್ದಕ್ಕೆ ಅವನು ವಿವರಿಸಲು ಹೋಗಲಿಲ್ಲ, ಒಂದು ಕ್ಯಾಸೆಟ್ ಕೊಟ್ಟ. ಮನೆಗೆ ಹೋಗಿ ಟೇಪ್‌ರೆಕಾರ್ಡರಿಗೆ ಹಾಕಿದೆ. ಒಬ್ಬ ಹೆಂಗಸು ಹಾಡುತ್ತಿದ್ದಳು. ಒಂದು ಅಕ್ಷರವೂ ಅರ್ಥವಾಗಲಿಲ್ಲ. ಅಮ್ಮ ಊದುಬತ್ತಿ ಹೊಸೆಯುವುದನ್ನು ನಿಲ್ಲಿಸಿ, "ಇವಳ್ಯಾರೇ, ನಿನ್ನಂಗೇ ಹಾಡ್ತಾವಳಲ್ಲ" ಅಂದಳು.

ನಾನು ಬ್ಯಾಂಡ್ ಸೇರಿದೆ.

ನಮ್ಮಿಬ್ಬರ ನಡುವೆ ಪ್ರೇಮವಿತ್ತೇ ಎಂದು ಆಮೇಲೆ ಕೇಳಿದವರಿದ್ದಾರೆ. ಇರಲಿಲ್ಲ. ಇದ್ದಿದ್ದರೆ, ಪ್ರೇಮದಲ್ಲಿ ಮೋಸ ಹೋದವಳು ಅಂತ ಜನ ಒಂದು ಮಾತಿನಲ್ಲಿ ಅರ್ಥ ಮಾಡಿಕೊಂಡು ಸುಮ್ಮನಾಗುತ್ತಿದ್ದರು. ಇದ್ದದ್ದು ಬೇರೆ. ಹುಟ್ಟಿದಾಗಿನಿಂದ ಎಲ್ಲರೂ ಕುಂದು ಎಂದಿದ್ದನ್ನು ಅವನು ಮೊದಲ ಸಲ ಚೆಂದ ಅಂದಿದ್ದ. ಅಷ್ಟಕ್ಕೆ ನಾನು ಅವನನ್ನು ಪೂರ್ತಿಯಾಗಿ ನಂಬಿದೆ.

ರಿಹರ್ಸಲ್ ಅವನ ಮನೆಯ ಮಹಡಿ ಮೇಲಿನ ರೂಮಿನಲ್ಲಿ. ಅಲ್ಲಿಗೆ ಹೊರಗಿನಿಂದಲೇ ಮೆಟ್ಟಿಲಿತ್ತು. ನಾನು ಮೂರು ವರ್ಷ ಆ ಮೆಟ್ಟಿಲು ಹತ್ತಿ ಇಳಿದೆ, ಮನೆಯ ಒಳಗೆ ಒಂದು ಸಲವೂ ಕಾಲಿಡಲಿಲ್ಲ. ಮಧ್ಯಾಹ್ನವಾದರೆ ಹುಡುಗರು ಕೆಳಗೆ ಹೋಗಿ ಊಟ ಮಾಡಿ ಬರುತ್ತಿದ್ದರು. ನನ್ನ ತಟ್ಟೆ ಮೇಲಕ್ಕೆ ಬರುತ್ತಿತ್ತು.

"ಹುಡುಗೀರು ಹುಡುಗರ ಜೊತೆ ಕೂತು ಊಟ ಮಾಡಿದ್ರೆ ಅಮ್ಮಂಗೆ ಸರಿ ಹೋಗಲ್ಲ, ಹಳೇ ಕಾಲದೋರು" ಅಂತ ಅವನು ಹೇಳಿದ. ನಾನು ಒಪ್ಪಿಕೊಂಡೆ. ಆಮೇಲೊಂದು ದಿನ ಡ್ರಮ್ಸ್ ನುಡಿಸುವವನ ತಂಗಿ ಬಂದಿದ್ದಳು. ಅವಳು ಕೆಳಗೆ ಹೋಗಿ ಎಲ್ಲರ ಜೊತೆ ಉಂಡು, ಬಾಯಿ ಒರೆಸಿಕೊಂಡು ಮೇಲೆ ಬಂದಳು. ನಾನು ಸೇರಿದ ಹೊಸದರಲ್ಲೇ ಅವನ ತಾಯಿ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ, ಸಿದ್ದಾಪುರದಲ್ಲಿ ಯಾವ ಬೀದಿ, ಮನೆಯಲ್ಲಿ ಯಾವ ದೇವರು ಎಂದು ಕೇಳಿದ್ದರು. ಬುದ್ಧ ಅಂದಿದ್ದೆ. "ಓ, ಹಾಗಾ" ಅಂದಿದ್ದರು. ಆ ಎರಡು ದಿನಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಎಲ್ಲ ತಿಳಿಯುತ್ತಿತ್ತು. ನಾನು ನೋಡಲಿಲ್ಲ. ಮೇಲಿನ ರೂಮಿನಲ್ಲಿ ಹಾಡು ಇತ್ತು, ಅದು ಸಾಕಾಗಿತ್ತು.

ಇಂಗ್ಲಿಷ್ ಹಾಡುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದೆ. ಬೇಸ್ ಗಿಟಾರ್ ನುಡಿಸುವವನು ಹುಬ್ಬಳ್ಳಿ ಕಡೆಯವನು, ಬಿ.ಟಿ.ಎಂ. ಲೇಔಟಿನಲ್ಲಿ ರೂಮು ಮಾಡಿಕೊಂಡು ಯಾವುದೋ ಆಫೀಸಿನಲ್ಲಿದ್ದ. ಅವನು ಮಾತ್ರ ನನ್ನನ್ನು ಅಕ್ಕಾ ಎನ್ನುತ್ತಿದ್ದ. ಒಂದೊಂದು ಸಾಲಿನ ಅರ್ಥವನ್ನೂ ಬಿಡಿಸಿ ಹೇಳುತ್ತಿದ್ದ. "ಇಲ್ಲಿ ಆಕಿ ಅಳಾಕತ್ತಿಲ್ಲ ಅಕ್ಕಾ, ಸಿಟ್ಟಿಗೆದ್ದಾಳ" ಅನ್ನುತ್ತಿದ್ದ. ಅಷ್ಟು ತಿಳಿದರೆ ಉಳಿದದ್ದನ್ನು ನಾನು ಹಾಡುತ್ತಿದ್ದೆ. ಕಾಲೇಜುಗಳಲ್ಲಿ, ಒಂದೆರಡು ಕ್ಲಬ್ಬುಗಳಲ್ಲಿ ಹಾಡಿದೆವು. ಜನ ಎದ್ದು ನಿಂತು ಚಪ್ಪಾಳೆ ಹೊಡೆದದ್ದೂ ಉಂಟು.

ಕ್ಯಾಸೆಟ್ಟು ಹೋಗಿ ಸಿ.ಡಿ. ಬರುತ್ತಿದ್ದ ಹೊತ್ತಿಗೆ ಒಂದು ಸುದ್ದಿ ಬಂತು. ಅಮೆರಿಕದಿಂದ ಒಬ್ಬ ಗಾಯಕಿ ಬರುತ್ತಿದ್ದಾರೆ, ಬ್ಲೂಸ್ ಹಾಡುವ ಹಿರಿಯ ಹೆಂಗಸು, ಆ ಹಾಡು ಯಾರ ನೋವಿನಲ್ಲಿ ಹುಟ್ಟಿತೋ ಆ ಕಪ್ಪು ಜನಾಂಗದವರು. ಅವರು ಬ್ಯಾಂಡು ಕರೆತರುವುದಿಲ್ಲ. ಹೋದ ಊರಿನಲ್ಲಿ ಸಿಕ್ಕವರ ಜೊತೆ ಹಾಡುತ್ತಾರೆ. ಬೆಂಗಳೂರಿನಲ್ಲಿ ನಾವು ಸಿಕ್ಕಿದ್ದೆವು. ಹುಡುಗರು ಕುಣಿದಾಡಿಬಿಟ್ಟರು. ನಾನೂ ಕುಣಿದೆ. ಹಾಡುವವರೇ ಅವರಾದ ಮೇಲೆ ನಾನು ಏನು ಮಾಡುವುದು ಎಂಬುದು ಮನೆಗೆ ಹೋಗುವ ಬಸ್ಸಿನಲ್ಲಿ ಹೊಳೆಯಿತು.

ಮಾರನೇ ದಿನ ಗಿಟಾರಿನವನನ್ನು ಕೇಳಿದೆ. "ನೀನು ಬ್ಯಾಕಿಂಗ್ ಹಾಡು" ಅಂದ. ಮತ್ತೆ ಕೋರಸ್. ಆದರೂ ಅಂಥವರ ಹಿಂದೆ ನಿಂತು ಕೋರಸ್ ಹಾಡುವುದೂ ಭಾಗ್ಯವೇ ಅಂದುಕೊಂಡೆ.

ಕಾರ್ಯಕ್ರಮಕ್ಕೆ ಎರಡು ದಿನ ಇರುವಾಗ ಅವರು ರಿಹರ್ಸಲಿಗೆ ಬಂದರು. ಅರವತ್ತು ದಾಟಿದ್ದ ಭಾರೀ ಆಳು, ಮಂಡಿ ನೋವು. ಗಿಟಾರಿನವನ ತಾಯಿ ಬಾಗಿಲಿಗೇ ಬಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ನಡುಮನೆಯ ಸೋಫಾದಲ್ಲಿ ಕೂರಿಸಿ ಬೆಳ್ಳಿ ಲೋಟದಲ್ಲಿ ಕಾಫಿ ಕೊಟ್ಟು ಕುಂಕುಮ ಇಟ್ಟರು. ನಾನು ಹೊರಗಿನ ಮೆಟ್ಟಿಲ ಮೇಲೆ ನಿಂತು ಕಿಟಕಿಯಿಂದ ನೋಡಿದೆ. ಅವರ ಬಗ್ಗೆ ನನಗೆ ಹೊಟ್ಟೆಕಿಚ್ಚಾಗಲಿಲ್ಲ. ಆ ಲೋಟವನ್ನೇ ನೋಡುತ್ತಾ ನಿಂತಿದ್ದು, ಮೇಲಕ್ಕೆ ಹತ್ತಿದೆ.

ಮೇಲೆ ಬಂದವರೇ ಹುಡುಗರಿಂದ ಒಂದೆರಡು ಹಾಡು ನುಡಿಸಿ ನೋಡಿದರು. ಆಮೇಲೆ ಸುತ್ತ ನೋಡಿ, ಈ ಬ್ಯಾಂಡಿನಲ್ಲಿ ದಿನಾ ಹಾಡುವವರು ಯಾರು ಎಂದು ಕೇಳಿದರು. ಗಿಟಾರಿನವನು ನನ್ನ ಕಡೆ ತೋರಿಸಿ, ಇವಳು ಸ್ವಲ್ಪ ಹಾಡುತ್ತಾಳೆ ಅಂದ. ಹಾಡು ಅಂದರು. ನನಗೆ ಚೆನ್ನಾಗಿ ಬರುತ್ತಿದ್ದ ಹಾಡನ್ನೇ ಎತ್ತಿಕೊಂಡೆ. ಅರ್ಧಕ್ಕೆ ಬರುವ ಮೊದಲೇ ಕೈ ಎತ್ತಿ ನಿಲ್ಲಿಸಿದರು.

ಅವರು ನಿಧಾನವಾಗಿ ಏನೋ ಕೇಳಿದರು. ಬೇಸ್‌ನವನು ನನ್ನ ಕಿವಿಯ ಹತ್ತಿರ ಬಾಗಿ ಹೇಳಿದ: "ದನಿ ನಿಮ್ದು, ಬಾಯಿ ಮಾತ್ರ ಯಾರದೋ ಅನ್ನಾಕತ್ತಾರ. ನಿಮ್ಮವ್ವ ಏನು ಹಾಡತಾಳ ಅಂತ ಕೇಳಾಕತ್ತಾರ."

ಅಮ್ಮ ಊದುಬತ್ತಿ ಹೊಸೆಯುವಾಗ ಹಾಡುತ್ತಿದ್ದ ಒಂದು ಹಾಡಿತ್ತು. ತವರಿಗೆ ಕರೆಯಲು ಅಣ್ಣ ಬರಲಿಲ್ಲವೆಂದು ಹೊಸಿಲ ಮೇಲೆ ಕೂತ ತಂಗಿ ದಾರಿಹೋಕರನ್ನೆಲ್ಲ ಕೇಳುವ ಹಾಡು. ಹುಡುಗರ ಮುಂದೆ ಅದನ್ನು ಹಾಡಲು ನಾಚಿಕೆಯಾಯಿತು. ಕಣ್ಣು ಮುಚ್ಚಿ ಹಾಡಿದೆ. ಎರಡನೇ ನುಡಿಗೆ ಬರುವಾಗ ನನ್ನ ಶ್ರುತಿಗಿಂತ ಕೆಳಗೆ ಒಂದು ದನಿ ಬಂದು ನನ್ನ ದನಿಯನ್ನು ಹೊತ್ತುಕೊಂಡಿತು. ಆ ಹೆಂಗಸು ಬಾಯಿ ಮುಚ್ಚಿಕೊಂಡೇ ಗುನುಗುತ್ತಿದ್ದರು. ಬೇಸ್‌ನವನು ಯಾರೂ ಹೇಳದೆ ಸೇರಿಕೊಂಡ. ಹಾಡು ಮುಗಿದಾಗ ಅವರು ನನ್ನ ಕೆನ್ನೆ ಹಿಡಿದು ಅಲ್ಲಾಡಿಸಿದರು.

ಆಮೇಲೆ ಎಲ್ಲ ಅವರೇ ತೀರ್ಮಾನಿಸಿದರು. ಬಟ್ಟೆ ಒಗೆದು ಮಕ್ಕಳನ್ನು ಸಾಕಿದ ತಮ್ಮ ತಾಯಿಯ ಮೇಲೆ ಅವರೇ ಕಟ್ಟಿದ ಒಂದು ಹಾಡಿತ್ತು. ವಿರಾಮದ ನಂತರ ಅದನ್ನು ಶುರು ಮಾಡುತ್ತಾರೆ, ನಡುವೆ ನನ್ನನ್ನು ಕರೆಯುತ್ತಾರೆ, ನಾನು ನನ್ನ ಅಮ್ಮನ ಹಾಡಿನಿಂದ ಉತ್ತರ ಕೊಡಬೇಕು. ಕರೆದಾಗ ಓಡಿಹೋಗಬೇಡ ಅಂತ ನಗುತ್ತಾ ಬೆರಳು ತೋರಿಸಿದರು. ಅಷ್ಟು ಇಂಗ್ಲಿಷ್ ನನಗೂ ತಿಳಿಯಿತು.

ಅಮ್ಮನಿಗೆ ಹೇಳಿದಾಗ, "ಥೂ, ಅದ್ಯಾಕೆ ಹೋಗಿ ಅವರ ಮುಂದೆ ಹಾಡ್ದೆ?" ಅಂದಳು. ಆದರೆ ಕಾರ್ಯಕ್ರಮದ ಭಾನುವಾರ ಮಧ್ಯಾಹ್ನಕ್ಕೇ ತಲೆ ಬಾಚಿ, ಮದುವೆಗೆ ಮಾತ್ರ ಉಡುತ್ತಿದ್ದ ಸೀರೆ ಉಟ್ಟು ಕೂತಿದ್ದಳು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ನಾನು ಹಾಡುವುದನ್ನು ಅವರು ಅಲ್ಲಿಯವರೆಗೆ ಶಾಮಿಯಾನದಲ್ಲಿ ಮಾತ್ರ ನೋಡಿದ್ದರು.

ಜಯನಗರದ ಒಂದು ಸಭಾಂಗಣ. ಸಂಜೆ ಶುರುವಾಗುವ ಮೊದಲೇ ತುಂಬಿಹೋಯಿತು. ಅಪ್ಪ ಅಮ್ಮನಿಗೆ ಹಿಂದಿನ ಸಾಲಿನಲ್ಲಿ ಜಾಗ ಸಿಕ್ಕಿತು. ಮುಂದಿನ ಸಾಲಿನಲ್ಲಿ ಬಾಂಬೆಯ ಕ್ಯಾಸೆಟ್ ಕಂಪನಿಯೊಂದರಿಂದ ಬಂದವರು ಕೂತಿದ್ದಾರೆ ಅಂತ ಹುಡುಗರು ಪಿಸುಗುಟ್ಟುತ್ತಿದ್ದರು. ಗಿಟಾರಿನವನು ಅವತ್ತು ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ. ಗಾಬರಿ ಇರಬೇಕು ಅಂದುಕೊಂಡೆ.

ಮೊದಲ ಭಾಗದಲ್ಲಿ ನಾನು ಹಿಂದೆ ನಿಂತು ಕೋರಸ್ ಹಾಡಿದೆ. ಆ ಹೆಂಗಸಿನ ಹಾಡಿನ ಬಗ್ಗೆ ಬರೆಯುವುದು ನನಗೆ ಕಷ್ಟ. ನೋವನ್ನು ಕೇಳಿ ಯಾರಾದರೂ ಮರುಗಲಿ ಅಂತ ಅವರು ಹಾಡುತ್ತಿರಲಿಲ್ಲ. ಇಕೋ, ಇದು ನನ್ನದು, ನೀವು ಕೂತು ನೋಡಿ ಎಂಬಂತಿತ್ತು. ಹುಡುಗರೂ ಚೆನ್ನಾಗಿ ನುಡಿಸಿದರು. ಸುಳ್ಳು ಹೇಳಬಾರದು, ಗಿಟಾರಿನವನು ಅಷ್ಟು ಚೆನ್ನಾಗಿ ನುಡಿಸಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಮುಂದಿನ ಸಾಲಿನವರು ಅವನನ್ನೇ ನೋಡುತ್ತಿದ್ದರು.

ವಿರಾಮದಲ್ಲಿ ಅವನು ನನ್ನ ಹತ್ತಿರ ಬಂದ. "ನೀನು ಸೈಡಲ್ಲಿ ಪರದೆ ಹತ್ರ ನಿಂತಿರು. ಅವರು ಕರೆದಾಗ ನಾನು ತಲೆ ಆಡಿಸ್ತೀನಿ, ಆಗ ಬಾ. ಸುಮ್ನೆ ನುಗ್ಗಬೇಡ, ಮೈಕ್ ರೆಡಿ ಇರಬೇಕು" ಅಂದ. ಸರಿ ಅಂದೆ.

ನಿಂತೆ. ಆ ಹೆಂಗಸು ನನಗೆ ಬೆನ್ನಾಗಿ, ಸಭೆಯ ಕಡೆ ತಿರುಗಿ ತಾಯಿಯ ಹಾಡು ಎತ್ತಿದರು. ನಡುವೆ ವಾದ್ಯಗಳನ್ನು ಮೆಲ್ಲಗೆ ಮಾಡಿಸಿ ಸಭೆಯ ಜೊತೆ ಮಾತಾಡಿದರು. ಈ ಊರಿನಲ್ಲಿ ಒಬ್ಬ ಹುಡುಗಿ ಇದ್ದಾಳೆ, ಅವಳ ಅಮ್ಮನಿಗೂ ಒಂದು ಹಾಡಿದೆ ಎಂದರು. ನನ್ನ ಹೆಸರನ್ನು ಅವರ ಬಾಯಿಗೆ ಬಂದ ಹಾಗೆ ಕೂಗಿ, ಎಲ್ಲಿದ್ದೀಯ, ಬಾ ಎಂದರು. ಜನ ಚಪ್ಪಾಳೆ ತಟ್ಟಿದರು.

ನಾನು ಗಿಟಾರಿನವನನ್ನು ನೋಡಿದೆ. ಅವನೂ ನನ್ನನ್ನು ನೋಡಿದ. ಅದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ. ನಮ್ಮ ನಡುವೆ ಒಂದು ಸ್ಪೀಕರ್ ಡಬ್ಬದಷ್ಟೇ ದೂರ. ಅವನು ತಲೆ ಆಡಿಸಲಿಲ್ಲ. ತನ್ನ ಮೈಕಿನ ಕಡೆ ಬಾಗಿ ಇಂಗ್ಲಿಷಿನಲ್ಲಿ, "ಕ್ಷಮಿಸಿ, ಅವಳು ಮನೆಗೆ ಹೊರಟುಹೋದಳು" ಅಂದ.

ಆ ಹೆಂಗಸು ಅವನ ಕಡೆ ತಿರುಗಿ ನೋಡಿದರು. ಆಮೇಲೆ ಏನೋ ತಮಾಷೆ ಮಾಡಿದರು, ಸಭೆ ನಕ್ಕಿತು, ಮತ್ತೆ ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಅಪ್ಪ ಅಮ್ಮನೂ ಚಪ್ಪಾಳೆ ತಟ್ಟಿದರು. ಅವರಿಗೆ ಇಂಗ್ಲಿಷ್ ಬಾರದು. ಮಗಳ ಹೆಸರು ಕೇಳಿಸಿತ್ತು, ಎಲ್ಲರೂ ನಗುತ್ತಿದ್ದರು, ಒಳ್ಳೆಯದೇ ಹೇಳಿರಬೇಕೆಂದು ಅವರೂ ತಟ್ಟಿದರು. ನನ್ನ ಜಾಗದಲ್ಲಿ ಗಿಟಾರ್ ಶುರುವಾಯಿತು. ತುಂಬಾ ಹೊತ್ತು ನಡೆಯಿತು.

ಆಗಲೇ ವೇದಿಕೆಗೆ ಯಾಕೆ ಹೋಗಲಿಲ್ಲ ಎಂದು ಕೇಳುವುದು ಸುಲಭ. ಸಾವಿರ ಜನರ ಎದುರಿಗೆ ಇಲ್ಲ ಅಂತ ಹೇಳಿಸಿಕೊಂಡವಳು, ಇದ್ದೇನೆ ಅಂತ ಹೋಗಿ ನಿಲ್ಲುವುದು ಹೇಗೆ? ಮೈಕಿಲ್ಲದೆ, ಇಂಗ್ಲಿಷಿಲ್ಲದೆ? ಪರದೆ ಹಿಡಿದುಕೊಂಡು ನಿಂತೇ ಇದ್ದೆ. ಬೇಸ್‌ನವನು ಒಂದು ಸಲ ನನ್ನ ಕಡೆ ತಿರುಗಿ, ತಕ್ಷಣ ತಲೆ ತಗ್ಗಿಸಿ ತಂತಿ ನೋಡತೊಡಗಿದ.

ಎಲ್ಲ ಮುಗಿದ ಮೇಲೆ ಸಭಾಂಗಣದ ಹಿಂದಿನ ಓಣಿಯಲ್ಲಿ ಆ ಹೆಂಗಸಿನ ಸುತ್ತ ಜನ ಮುತ್ತಿಕೊಂಡಿದ್ದರು. ನುಗ್ಗಿಕೊಂಡು ಹೋದೆ. ನನ್ನನ್ನು ಕಂಡು ಅವರ ಮುಖ ಬಾಡಿತು. "ನಿನ್ನನ್ನು ಕರೆದೆ ಕಂದ, ನೀನು ಹೋಗಿಬಿಟ್ಟಿದ್ದೆ" ಅನ್ನುವಂಥ ಮಾತು. ಬೈಗುಳ ಅದರಲ್ಲಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಇಲ್ಲ, ನಾನು ಇಲ್ಲೇ ಇದ್ದೆ ಅನ್ನಬೇಕು. ಮೂರು ವರ್ಷದಿಂದ ಇಂಗ್ಲಿಷಿನಲ್ಲಿ ಹಾಡಿದ್ದ ಬಾಯಲ್ಲಿ ಆ ಒಂದು ಮಾತು ಬರಲಿಲ್ಲ. ನೋ, ನೋ ಎಂದೆ. ಕನ್ನಡದಲ್ಲಿ, "ಇಲ್ಲೇ ನಿಂತಿದ್ದೆ ಅಮ್ಮ, ಪರದೆ ಹತ್ರಾನೇ ನಿಂತಿದ್ದೆ" ಎಂದೆ. ಅಳು ಬಂತು. ಅವರು ಅರ್ಥವಾಗದೆ ಪಕ್ಕಕ್ಕೆ ನೋಡಿದರು. ಪಕ್ಕದಲ್ಲಿ ಗಿಟಾರಿನವನಿದ್ದ.

"ಏನು ಹೇಳುತ್ತಿದ್ದಾಳೆ?" ಎಂದು ಕೇಳಿದರು.

"ಸಾರಿ ಕೇಳ್ತಿದ್ದಾಳೆ, ಹೆದರಿಕೊಂಡಳಂತೆ" ಎಂದು ಅವನು ಇಂಗ್ಲಿಷಿನಲ್ಲಿ ಹೇಳಿದ. ಮಾತಾಡಲು ಬಾರದಿದ್ದರೂ, ಅದು ನನಗೆ ಅಕ್ಷರ ಅಕ್ಷರವೂ ತಿಳಿಯಿತು.

ಅವರು ನನ್ನನ್ನು ತಬ್ಬಿಕೊಂಡರು. ಬೆನ್ನು ತಟ್ಟಿ, ಮುಂದಿನ ಸಲ ಹೆದರಬೇಡ ಎಂದರು. ಯಾರೋ ಅವರ ಕೈ ಹಿಡಿದು ಕಾರಿನ ಕಡೆ ಕರೆದುಕೊಂಡು ಹೋದರು. ಮಾಡದ ತಪ್ಪಿಗೆ ಸಿಕ್ಕಿದ ಆ ಕ್ಷಮೆಯನ್ನು ಇಟ್ಟುಕೊಂಡು ನಾನು ಓಣಿಯಲ್ಲಿ ನಿಂತೆ.

ಹೊರಗೆ ಅಪ್ಪ ಅಮ್ಮ ಕಾಯುತ್ತಿದ್ದರು. "ನಿನ್ನ ಹೆಸರು ಹೇಳಿದ್ರಲ್ಲವ್ವ! ಹಾಡ್ಯಾಕೆ ಹಾಡ್ಲಿಲ್ಲ?" ಅಪ್ಪ ಕೇಳಿದರು.

"ಟೈಮ್ ಸಾಕಾಗಲಿಲ್ಲಪ್ಪ" ಎಂದೆ.

ಅಮ್ಮ ನನ್ನ ಮುಖ ನೋಡಿದಳು. ಮನೆಗೆ ಬಂದು ಸೀರೆ ಮಡಿಸಿ ಟ್ರಂಕಿನಲ್ಲಿಟ್ಟಳು. ಅಲ್ಲಿಂದ ಮುಂದೆ ನಾನಿರುವಾಗ ಆ ಹಾಡನ್ನು ಅವಳು ಹಾಡಿದ್ದು ನನಗೆ ನೆನಪಿಲ್ಲ.

ಮಾರನೇ ದಿನ ಅಂಗಡಿಗೆ ಹೋಗುವ ಮೊದಲು ಗಿಟಾರಿನವನ ಮನೆಗೆ ಹೋದೆ. ಅವನು ಕೆಳಗಿಳಿದು ಗೇಟಿನ ಹತ್ತಿರ ಬಂದ.

"ಯಾಕೆ ಹಾಗೆ ಹೇಳ್ದೆ?"

"ಮೆಲ್ಲಗೆ ಮಾತಾಡು, ಅಮ್ಮ ಇದ್ದಾರೆ."

"ಯಾಕೆ ಹೇಳ್ದೆ?"

"ನೋಡು, ನಿನ್ನ ಒಳ್ಳೇದಕ್ಕೇ ಮಾಡಿದ್ದು. ಬ್ಲೂಸ್ ಕೇಳೋಕೆ ಬಂದೋರ ಮುಂದೆ ಊದುಬತ್ತಿ ಹಾಡು ಹಾಡಿದ್ರೆ ನಗ್ತಿದ್ರು. ಬಾಂಬೆಯವರು ಕೂತಿದ್ರು, ಬ್ಯಾಂಡ್‌ನ ಜೋಕ್ ಅಂದ್ಕೊತಿದ್ರು. ಅವರಿಗೇನು, ಹಾಡಿ ಹೋಗ್ತಾರೆ. ನಾವು ಇಲ್ಲೇ ಇರಬೇಕಲ್ಲ."

"ನಾನು ಹೋದೆ ಅಂತ ಯಾಕೆ ಹೇಳಬೇಕಿತ್ತು? ಬೇಡ ಅಂತ ಹೇಳಬಹುದಿತ್ತಲ್ಲ?"

ಅವನು ಮನೆಯ ಕಡೆ ತಿರುಗಿ ನೋಡಿದ. "ಬಿಟ್ಬಿಡು ಈಗ, ಶನಿವಾರ ರಿಹರ್ಸಲ್ ಇದೆ" ಅಂದ. ಶನಿವಾರ ಬರುತ್ತೇನೆಂದು ಅವನು ನಿಜವಾಗಿಯೂ ನಂಬಿದ್ದ. ಅಷ್ಟು ದಿನ ಮೇಲಕ್ಕೆ ಬಂದ ತಟ್ಟೆಯಲ್ಲಿ ಉಂಡವಳು ಇದನ್ನೂ ಉಣ್ಣುತ್ತಾಳೆ ಅಂದುಕೊಂಡಿರಬೇಕು. ನಾನು ಹೋಗಲಿಲ್ಲ.

ಬೇಸ್‌ನವನು ಕೆಲವು ತಿಂಗಳಾದ ಮೇಲೆ ಸಿದ್ದಾಪುರಕ್ಕೆ ಬಂದ, ವಿಳಾಸ ಕೇಳಿಕೊಂಡು. ಊರಿಗೆ ವಾಪಸ್ ಹೋಗುವವನಿದ್ದ. ಅಮ್ಮ ಟೀ ಕೊಟ್ಟಳು. ಲೋಟ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದ.

"ನಾ ನೋಡೀನಿ ಅಕ್ಕಾ. ನೀವು ಅಲ್ಲೇ ನಿಂತಿದ್ರಿ."

"ಮತ್ತೆ ಹೇಳಬಹುದಿತ್ತಲ್ಲ?"

"ಹಾಡು ನಡದಿತ್ತಲ್ರಿ. ಕೈ ಬಿಡಾಕ ಆಗಲಿಲ್ಲ."

"ಹಾಡು ಮುಗಿದ ಮೇಲೆ?"

ಅವನು ಟೀ ಕುಡಿದು ಎದ್ದ. ಬಾಗಿಲಲ್ಲಿ ಕಣ್ಣೊರೆಸಿಕೊಂಡ. ನನಗೆ ಕರುಣೆ ಬರಲಿಲ್ಲ. ಅವನ ಒಂದು ಮಾತಿನಿಂದ ಆ ಓಣಿಯಲ್ಲಿ ಎಲ್ಲ ಬೇರೆಯಾಗುತ್ತಿತ್ತು. ಮೂರು ವರ್ಷ ಸಾಲು ಸಾಲಿಗೆ ಅರ್ಥ ಹೇಳಿಕೊಟ್ಟವನು ಅವನೇ.

ಬಾಂಬೆಯವರಿಂದ ಏನೂ ಆಗಲಿಲ್ಲ. ಬ್ಯಾಂಡು ಒಡೆಯಿತು. ಗಿಟಾರಿನವನು ಜೆ.ಪಿ. ನಗರದಲ್ಲಿ ಸಂಗೀತ ಶಾಲೆ ತೆಗೆದ, ಹೆಸರು ಮಾಡಿದ. ನಾನು ಕೆಲವು ವರ್ಷ ಮತ್ತೆ ಆರ್ಕೆಸ್ಟ್ರಾಗಳಲ್ಲಿ ಕೋರಸ್ ಹಾಡಿ ಬಿಟ್ಟೆ. ಮದುವೆಯಾದೆ, ವಸಂತಪುರಕ್ಕೆ ಹೋದೆ. ಅಂಗಡಿಯ ಕೆಲಸ ಬಿಡಲಿಲ್ಲ. ಇಂಗ್ಲಿಷ್ ಕಲಿತೆ. ಗಿರಾಕಿಗಳ ಜೊತೆ ಈಗ ಸರಾಗವಾಗಿ ಮಾತಾಡುತ್ತೇನೆ. ಕಲಿತು ಪ್ರಯೋಜನವೇನು, ನಾನು ಯಾರ ಜೊತೆ ಮಾತಾಡಬೇಕಿತ್ತೋ ಅವರು ಎಲ್ಲಿದ್ದಾರೆಂದೂ ಗೊತ್ತಿರಲಿಲ್ಲ.

ಎರಡು ಸಾವಿರದ ಇಸವಿ ಕಳೆದು ಹಲವು ವರ್ಷಗಳಾದ ಮೇಲೆ ಒಂದು ಬೆಳಿಗ್ಗೆ ಗಿಟಾರಿನವನ ಫೋನ್ ಬಂತು. ನಂಬರು ಎಲ್ಲಿಂದ ಹುಡುಕಿದನೋ. ಆ ಹೆಂಗಸು ತೀರಿಕೊಂಡಿದ್ದರಂತೆ. ಅವರ ನೆನಪಿಗೆ ಅವನ ಶಾಲೆಯಲ್ಲಿ ಒಂದು ಕಾರ್ಯಕ್ರಮ.

"ನೀನು ಬರಲೇಬೇಕು. ಬಂದು ನಿಮ್ಮಮ್ಮನ ಆ ಹಾಡು ಹಾಡು. ಈಗಿನ ಜನಕ್ಕೆ ಅಂಥದ್ದೆಲ್ಲ ತುಂಬಾ ಇಷ್ಟ."

ಅವರು ಹೋಗಿಬಿಟ್ಟರು ಎಂಬುದೇ ಇನ್ನೂ ತಲೆಗೆ ಇಳಿಯುತ್ತಿತ್ತು. ಕೊನೆಯವರೆಗೂ ಅವರ ಪಾಲಿಗೆ ನಾನು ಹೆದರಿ ಓಡಿದವಳೇ.

"ಅವತ್ತು ಏನಾಯ್ತು ಅಂತ ಅಲ್ಲಿ ಹೇಳ್ತೀಯಾ?" ಎಂದು ಕೇಳಿದೆ.

"ಹೇಳೋಣ, ಅದಕ್ಕೇನು. ನಮ್ಮ ಹುಡುಗರಿಗೆ ನಾನು ಯಾವಾಗ್ಲೂ ಹೇಳ್ತಿರ್ತೀನಿ. ಎಂಥಾ ವಾಯ್ಸ್ ಇತ್ತು ಅವಳಿಗೆ, ಅಷ್ಟು ದೊಡ್ಡೋರು ಕರೆದ್ರು, ಭಯ ಬಿದ್ದು ಮನೆಗೆ ಹೋಗ್ಬಿಟ್ಳು. ಕಾನ್ಫಿಡೆನ್ಸ್ ಎಷ್ಟು ಮುಖ್ಯ ನೋಡಿ ಅಂತ."

"ನಾನು ಹೋಗಿರಲಿಲ್ಲ."

"ಏಯ್, ಹೋಗಿದ್ದೆ ಕಣೇ. ನಾನೇ ಅನೌನ್ಸ್ ಮಾಡಿದ್ದಲ್ವಾ?"

ಅವನ ದನಿಯಲ್ಲಿ ಒಂದಿಷ್ಟೂ ಕಳ್ಳತನವಿರಲಿಲ್ಲ. ಪ್ರೀತಿಯಿಂದ, ನೆನಪು ಮಾಡಿಕೊಡುವಂತೆ ಹೇಳುತ್ತಿದ್ದ. ಗೇಟಿನ ಹತ್ತಿರ ಆಡಿದ ಮಾತು ಕೂಡ ಅವನಲ್ಲಿ ಉಳಿದಿರಲಿಲ್ಲ. ಹೇಳಿ ಹೇಳಿ ಅವನ ಪಾಲಿಗೆ ಅದು ನಿಜವಾಗಿಬಿಟ್ಟಿತ್ತು. ಇಷ್ಟು ವರ್ಷ ನಾನು ಎಂದೋ ಒಂದು ದಿನ ಅವನ ಬಾಯಿಂದ ಒಪ್ಪಿಗೆ ಬಂದೀತು ಎಂದು ಒಳಗೊಳಗೇ ಕಾದಿದ್ದೆ ಎಂಬುದು ಆಗ ತಿಳಿಯಿತು. ಒಪ್ಪಿಕೊಳ್ಳಲು ಅವನ ಹತ್ತಿರ ಏನೂ ಇರಲಿಲ್ಲ.

"ಬರ್ತೀಯಲ್ಲ?" ಅಂದ.

ಅವನ ಹಿಂದೆ ಯಾರೋ ಮಕ್ಕಳು ಗಿಟಾರಿನ ತಂತಿ ಸರಿ ಮಾಡಿಕೊಳ್ಳುತ್ತಿದ್ದರು. ಬರಲ್ಲ ಅಂದೆ. ಕಾರಣ ಕೇಳಿದ. ಅಂಗಡಿಗೆ ರಜೆ ಸಿಗುವುದಿಲ್ಲ ಎಂದು ಹೇಳಿ ಫೋನ್ ಇಟ್ಟೆ. ಇನ್ನು ಅವನು ಮಕ್ಕಳಿಗೆ ಇದನ್ನೂ ಸೇರಿಸಿ ಹೇಳುತ್ತಾನೆ: ಎರಡನೇ ಸಲ ಕರೆದರೂ ಬರಲಿಲ್ಲ ಅಂತ. ಅದು ಸುಳ್ಳಲ್ಲ.